ಗರ್ಭಕೋಶ ತೆಗೆಸಿದ ಮೇಲೂ ಕೆಳಗೆ ಜಾರ್ತಿದ್ಯಾ? ಆಪರೇಷನ್ ಆರಿಸೋ ಮುಂಚೆ ಹೀಗೆ ನೋಡಿ

ನಮ್ಮ ಚಿಕ್ಕಮ್ಮನಿಗೆ ಸ್ನಾನಕ್ಕೆ ಕೂತಾಗೆಲ್ಲ ಕೆಳಗಡೆ ನಿಂಬೆಹಣ್ಣಿನಷ್ಟು ದಪ್ಪ ಏನೋ ಕೈಗೆ ಸಿಗ್ತಿತ್ತಂತೆ, ಗರ್ಭಕೋಶನೇ ತೆಗೆದಾಯ್ತಲ್ಲ ಇನ್ನೇನು ಜಾರುತ್ತೆ ಅಂತ ಎರಡು ವರ್ಷ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ. ಜಾರೋದು ಯೋನಿಯ ಮೇಲ್ತುದಿ. ಹಿಡಿದಿಟ್ಟ ನಾರುಗಳು ಸಡಿಲ ಆದ್ರೆ ಕಾಲ್ಚೀಲ ಒಳಮಗ್ಗುಲು ತಿರುಗಿದ ಹಾಗೆ ಕೆಳಗೆ ಬರುತ್ತೆ.

ಮೊದಲು ಸರಿಯಾಗಿ ಪರೀಕ್ಷೆ ಮಾಡಿಸಿ. ಮುಕ್ಕಿಸಿ ನೋಡ್ಬೇಕು, ಬರೀ ತುದಿ ಜಾರಿದೆಯಾ ಅಥವಾ ಮೂತ್ರಕೋಶದ ಕಡೆ, ಮಲದ ಕಡೆ ಗೋಡೆನೂ ಸಡಿಲ ಆಗಿದೆಯಾ ಗೊತ್ತಾಗ್ಬೇಕು. ಜಾರಿದ್ದನ್ನ ಮೇಲೆತ್ತಿ ಕೆಮ್ಮಿಸಿ ಮೂತ್ರ ಸೋರುತ್ತಾ ಅಂತಾನೂ ನೋಡೋಕೆ ಹೇಳಿ, ಇಲ್ಲಾಂದ್ರೆ ಆಪರೇಷನ್ ಆದ್ಮೇಲೆ ಹೊಸದಾಗಿ ಸೋರೋಕೆ ಶುರುವಾಗಿ ಬೇಜಾರಾಗುತ್ತೆ.

ಆಮೇಲೆ ರಿಂಗ್ ಪೆಸರಿ ಹಾಕಿ ನೋಡಬಹುದಾ ಕೇಳಿ. ಜಾರಿದ್ದನ್ನ ಮೇಲೆ ತಡೆದಿಡೋಕೆ ಯೋನಿಯೊಳಗೆ ಕೂರಿಸೋ ಸಿಲಿಕೋನ್ ಬಳೆ ಅಷ್ಟೇ, ಹೊಂದಿಕೊಂಡ್ರೆ ಕೊಯ್ಯೋದೇ ಬೇಡ, ಆದ್ರೆ ಆಗಾಗ ತೆಗೆದು ತೊಳೀಬೇಕು.

ಆಪರೇಷನ್ನೇ ಅಂದ್ರೆ ಮುಖ್ಯವಾಗಿ ಮೂರು ದಾರಿ. ಯೋನಿ ಮೂಲಕನೇ ಒಳಗಿನ ಗಟ್ಟಿ ನಾರಿಗೆ ಹೊಲಿಗೆ ಹಾಕೋದು ಒಂದು, ಹೊಟ್ಟೆ ಕೊಯ್ಯಲ್ಲ, ಬೇಗ ಚೇತರಿಸ್ಕೋತಾರೆ, ಆದ್ರೆ ಕೆಲವರಿಗೆ ಪೃಷ್ಠದಲ್ಲಿ ನೋವು ಕೆಲ ವಾರ ಇರುತ್ತೆ, ಮುಂದಿನ ಗೋಡೆ ಮತ್ತೆ ಜಾರಬಹುದು. ಎರಡನೇದು ಸ್ಯಾಕ್ರೋಕಾಲ್ಪೋಪೆಕ್ಸಿ, ಹೊಟ್ಟೆಯಿಂದ, ಈಗ ಹೆಚ್ಚಾಗಿ ಲ್ಯಾಪರೊಸ್ಕೋಪಿಲಿ, ಯೋನಿ ತುದಿಗೆ ಮೆಶ್ ಅಂದ್ರೆ ಬಲೆಯಂಥ ಪಟ್ಟಿ ಹೊಲಿದು ಬೆನ್ನಿನ ಕೆಳಗಿನ ಮೂಳೆಗೆ ಕಟ್ತಾರೆ. ಇದು ಜಾಸ್ತಿ ದಿನ ಬಾಳುತ್ತೆ, ಸಂಭೋಗದಲ್ಲಿ ನೋವೂ ಕಮ್ಮಿ, ಆದ್ರೆ ಟೈಮ್ ಜಾಸ್ತಿ ಹಿಡಿಯುತ್ತೆ, ಕೆಲವರಿಗೆ ಮೆಶ್ ಯೋನಿ ಗೋಡೆಯಿಂದ ಹೊರಗೆ ಇಣುಕುತ್ತೆ. ಮೆಶ್ ಅಂದ ತಕ್ಷಣ ಹೆದರ್ಬೇಡಿ, 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾರಾಟ ನಿಲ್ಲಿಸಿದ್ದು ಜಾರಿಕೆಗೆ ಯೋನಿ ಮೂಲಕ ಹಾಕೋ ಮೆಶ್‌ನ, ಇದನ್ನಲ್ಲ.

ಮೂರನೇದು ಯೋನಿಯನ್ನೇ ಹೊಲಿದು ಮುಚ್ಚೋದು. ಚಿಕ್ಕ ಆಪರೇಷನ್, ಮತ್ತೆ ಜಾರೋದು ತುಂಬ ಕಮ್ಮಿ, ಆದ್ರೆ ಮುಂದೆ ಸಂಭೋಗ ಆಗಲ್ಲ. ವಯಸ್ಸಾಗಿ ದೊಡ್ಡ ಆಪರೇಷನ್ ತಡೆಯೋಕಾಗದವರಿಗೆ ಒಳ್ಳೇದೇ, ಆದ್ರೆ ಇದನ್ನ ಮನೆಯವರಲ್ಲ, ಆ ಹೆಂಗಸೇ ಬಾಯಿ ಬಿಟ್ಟು ಹೂಂ ಅನ್ಬೇಕು, ವಯಸ್ಸಾಯ್ತಲ್ಲ ಇನ್ಯಾಕೆ ಅಂತ ಬೇರೆಯವರು ತೀರ್ಮಾನ ಮಾಡೋದು ನನಗಂತೂ ಒಪ್ಪಿಗೆ ಇಲ್ಲ.

ಕೊನೇದಾಗಿ ಡಾಕ್ಟ್ರನ್ನ ನೇರವಾಗಿ ಕೇಳಿ, ಇದನ್ನ ವರ್ಷಕ್ಕೆ ಎಷ್ಟು ಮಾಡ್ತೀರಾ, ಮತ್ತೆ ಜಾರಿದ್ರೆ ಮುಂದೇನು. ಆಪರೇಷನ್ ಆದ್ಮೇಲೆ ಮಲಬದ್ಧತೆ, ಕೆಮ್ಮು ಬರದ ಹಾಗೆ ನೋಡ್ಕೋಬೇಕು, ಡಾಕ್ಟ್ರು ಹೇಳೋವರೆಗೆ ಭಾರ ಎತ್ತಬಾರದು, ಸಾಮಾನ್ಯವಾಗಿ ಆರು ವಾರ. ಚಿಕ್ಕಮ್ಮ ಅಷ್ಟು ದಿನ ಬಿಂದಿಗೆ ಮುಟ್ಟಲಿಲ್ಲ, ಚಿಕ್ಕಪ್ಪನೇ ನೀರು ತಂದ್ರು.