ಗ್ರೀನ್‌ವಿಚ್‌ನ ಜೇಸನ್ ರಿಯಾಕ್ಟರಿನಲ್ಲಿ ನಾನು ಪಾಠ ಹೇಳಿದ ಬಗೆ

ಲಂಡನ್ನಿನ ಗ್ರೀನ್‌ವಿಚ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲಿದ್ದ ರಾಯಲ್ ನೇವಲ್ ಕಾಲೇಜಿನಲ್ಲಿ, 1962ರಿಂದ 1996ರವರೆಗೆ ‘ಜೇಸನ್’ ಎಂಬ ಪರಮಾಣು ರಿಯಾಕ್ಟರ್ ನಡೆಯುತ್ತಿತ್ತು. ಬ್ರಿಟನ್ನಿನ ಮೊದಲ ಪರಮಾಣು ಜಲಾಂತರ್ಗಾಮಿ ‘ಡ್ರೆಡ್‌ನಾಟ್’ 1960ರಲ್ಲಿ ನೀರಿಗಿಳಿದಿತ್ತು. ಅಂಥ ನೌಕೆಗಳ ಅಧಿಕಾರಿಗಳಿಗೆ ರಿಯಾಕ್ಟರ್ ಭೌತವಿಜ್ಞಾನವನ್ನು ಕಲಿಸಲು ಜೇಸನ್ನನ್ನು ಅಲ್ಲಿನ ಕಿಂಗ್ ವಿಲಿಯಂ ಕಟ್ಟಡದೊಳಗೆ ಸ್ಥಾಪಿಸಲಾಯಿತು. ಅದರ ಕೊನೆಯ ವರ್ಷಗಳಲ್ಲಿ ಅಲ್ಲಿ ಪಾಠ ಹೇಳಿದವರಲ್ಲಿ ನಾನೂ ಒಬ್ಬ.

ಜೇಸನ್ನಿನ ಸಾಮರ್ಥ್ಯ ಕೇವಲ 10 ಕಿಲೋವ್ಯಾಟ್. ಕಲಿಸುವವನಿಗೆ ಅದೇ ಅದರ ದೊಡ್ಡ ಗುಣವೆಂದು ನಾನು ಈಗಲೂ ನಂಬುತ್ತೇನೆ. ನೌಕೆಯ ರಿಯಾಕ್ಟರಿನಲ್ಲಿ ಶಕ್ತಿ ಏರಿದೊಡನೆ ನೀರು ಬಿಸಿಯಾಗಿ, ಆ ಬಿಸಿಯೇ ವಿದಳನ ಕ್ರಿಯೆಯನ್ನು, ಅಂದರೆ ನ್ಯೂಟ್ರಾನ್ ಕಣಗಳು ಬಡಿದು ಯುರೇನಿಯಂ ಪರಮಾಣುಗಳು ಒಡೆಯುವುದನ್ನು, ತಗ್ಗಿಸುತ್ತದೆ. ಜೇಸನ್ನಿನಲ್ಲಿ ಅಂಥ ಪರಿಣಾಮ ತೀರಾ ಅಲ್ಪವಾದ್ದರಿಂದ, ನ್ಯೂಟ್ರಾನುಗಳ ನಡೆ ಬೇರೇನೂ ಬೆರೆಯದೆ ಕಣ್ಣಿಗೆ ಕಾಣುತ್ತಿತ್ತು.

ನಾನು ಹೆಚ್ಚು ಸಮಯ ಕೊಡುತ್ತಿದ್ದುದು ರಿಯಾಕ್ಟರನ್ನು ಕ್ರಿಟಿಕಲ್ ಸ್ಥಿತಿಗೆ, ಅಂದರೆ ವಿದಳನದ ಸರಪಳಿ ಕುಂದದೆ ತಾನಾಗಿಯೇ ಮುಂದುವರಿಯುವ ಸ್ಥಿತಿಗೆ, ತರುವ ಪ್ರಯೋಗಕ್ಕೆ. ನ್ಯೂಟ್ರಾನುಗಳನ್ನು ಹೀರುವ ನಿಯಂತ್ರಣ ಸಲಾಕೆಯನ್ನು ಸ್ವಲ್ಪ ಎತ್ತಿಸಿ, ನ್ಯೂಟ್ರಾನ್ ಎಣಿಕೆ ಸ್ಥಿರಗೊಳ್ಳುವವರೆಗೆ ಕಾಯಿಸಿ, ಆ ಎಣಿಕೆಯ ವ್ಯುತ್ಕ್ರಮವನ್ನು (ಒಂದನ್ನು ಎಣಿಕೆಯಿಂದ ಭಾಗಿಸಿ ಬಂದ ಸಂಖ್ಯೆಯನ್ನು) ಸಲಾಕೆಯ ಎತ್ತರಕ್ಕೆ ಎದುರಾಗಿ ಗ್ರಾಫ್ ಹಾಳೆಯಲ್ಲಿ ಗುರುತಿಸಲು ಹೇಳುತ್ತಿದ್ದೆ. ಕ್ರಿಟಿಕಲ್ ಸ್ಥಿತಿ ಸಮೀಪಿಸಿದಂತೆ ಎಣಿಕೆ ಮಿತಿಯಿಲ್ಲದೆ ಏರುವುದರಿಂದ, ಗುರುತುಗಳ ಮೂಲಕ ಎಳೆದ ಗೆರೆ ಸೊನ್ನೆಯನ್ನು ಮುಟ್ಟುವ ಎತ್ತರದಲ್ಲಿ ರಿಯಾಕ್ಟರ್ ಕ್ರಿಟಿಕಲ್ ಆಗಬೇಕು. ಆದರೆ ಸಲಾಕೆಯ ಪರಿಣಾಮ ತುದಿಯಲ್ಲಿ ಕಡಿಮೆ, ನಡುವಿನಲ್ಲಿ ಹೆಚ್ಚು. ಆದ್ದರಿಂದ ಮೊದಲ ಎರಡು ಗುರುತುಗಳನ್ನು ನಂಬಿ ಎಳೆದ ಗೆರೆಯು ಕ್ರಿಟಿಕಲ್ ಎತ್ತರವನ್ನು ಇರುವುದಕ್ಕಿಂತ ದೂರದಲ್ಲಿ ತೋರಿಸುತ್ತದೆ. ಅದನ್ನು ನಂಬಿ ಸಲಾಕೆಯನ್ನು ಹೆಚ್ಚು ಎತ್ತಿಬಿಡುವ ಅಪಾಯವಿರುವುದು ಇಲ್ಲಿಯೇ. ಪ್ರತಿ ಹೆಜ್ಜೆಗೂ ಮುನ್ನ ಮುಂದಿನ ಎಣಿಕೆ ಎಷ್ಟಿರಬಹುದೆಂದು ಅಧಿಕಾರಿಯೇ ಊಹಿಸಿ ಬರೆಯಬೇಕು, ಉಳಿದಿರುವ ದೂರದ ಅರ್ಧಕ್ಕಿಂತ ಹೆಚ್ಚು ಸಲಾಕೆಯನ್ನು ಒಮ್ಮೆಗೇ ಎತ್ತಬಾರದು ಎಂಬ ಎರಡು ಕಟ್ಟಳೆಗಳನ್ನು ನಾನು ಎಂದೂ ಸಡಿಲಿಸಲಿಲ್ಲ.

ಇನ್ನೊಂದು ಪಾಠ ರಿಯಾಕ್ಟರನ್ನು ತಟ್ಟನೆ ನಿಲ್ಲಿಸುವುದು. ಸಲಾಕೆಗಳು ಬಿದ್ದೊಡನೆ ಶಕ್ತಿ ಥಟ್ಟನೆ ಕುಸಿಯುತ್ತದೆ. ಆಮೇಲೆ ಮಾತ್ರ, ಎಷ್ಟೇ ಸಲಾಕೆಗಳನ್ನು ಇಳಿಸಿದ್ದರೂ, ಅದು ಹತ್ತರಲ್ಲೊಂದಾಗಲು ಸುಮಾರು 3 ನಿಮಿಷ ತೆಗೆದುಕೊಳ್ಳುತ್ತದೆ. ವಿದಳನದ ಚೂರುಗಳಿಂದ ತಡವಾಗಿ ಹೊರಬೀಳುವ ನ್ಯೂಟ್ರಾನುಗಳು ಇದಕ್ಕೆ ಕಾರಣ. ಯುರೇನಿಯಂ-235ರ ವಿದಳನದಲ್ಲಿ ಅವುಗಳ ಪಾಲು ಶೇಕಡಾ 0.65ರಷ್ಟು ಮಾತ್ರ, ಆದರೂ ಅವು ಇಲ್ಲದಿದ್ದರೆ ಯಾವ ರಿಯಾಕ್ಟರನ್ನೂ ಮನುಷ್ಯನ ಕೈಯಿಂದ ಹತೋಟಿಯಲ್ಲಿಡಲು ಆಗುತ್ತಿರಲಿಲ್ಲ. ಸಮೀಕರಣದಲ್ಲಿ ಇದನ್ನು ಮೊದಲೇ ಓದಿಕೊಂಡು ಬಂದವರೂ, ಶಕ್ತಿಮಾಪಕದ ಮುಳ್ಳು ಇಳಿಯುವ ನಿಧಾನವನ್ನು ಗಡಿಯಾರ ಹಿಡಿದು ಅಳೆದ ಮೇಲೆಯೇ ನಿಜವಾದ ಪ್ರಶ್ನೆಗಳನ್ನು ಕೇಳುತ್ತಿದ್ದರು.

ವಿದಳನದಿಂದ ಉಂಟಾಗುವ ಕ್ಸೆನಾನ್-135 ಎಂಬ ಅನಿಲದ ವಿಷಯವನ್ನು ಮಾತ್ರ ಜೇಸನ್ ತೋರಿಸಲಾರದಾಗಿತ್ತು. ಹೆಚ್ಚಿನ ಶಕ್ತಿಯಲ್ಲಿ ನಡೆದು ನಿಂತ ರಿಯಾಕ್ಟರಿನಲ್ಲಿ ಈ ಅನಿಲ ಗಂಟೆಗಟ್ಟಲೆ ಹೆಚ್ಚುತ್ತಾ ಹೋಗಿ, ನ್ಯೂಟ್ರಾನುಗಳನ್ನು ಹೀರಿ, ಮರುಚಾಲನೆಗೆ ಅಡ್ಡಿಯಾಗಬಲ್ಲದು. 10 ಕಿಲೋವ್ಯಾಟಿನಲ್ಲಿ ಅದರ ಪ್ರಭಾವ ಗಣನೆಗೇ ಬಾರದು. ನೀರಿನಡಿಯಲ್ಲಿರುವ ನೌಕೆಗೆ ಇದು ಬಹಳ ಮುಖ್ಯವಾದ ವಿಷಯವಾದ್ದರಿಂದ, ಅದರ ಲೆಕ್ಕವನ್ನು ತರಗತಿಯಲ್ಲಿ ಗಂಟೆಗಂಟೆಯ ಕೋಷ್ಟಕವಾಗಿ ಅವರ ಕೈಯಿಂದಲೇ ಮಾಡಿಸುತ್ತಿದ್ದೆ.

ಜೇಸನ್ ನಿಂತ ಮೇಲೆ ಅದರ ಇಂಧನ, ಗ್ರಾಫೈಟ್, ಕಾಂಕ್ರೀಟ್ ಕವಚಗಳನ್ನು ತೆಗೆದು, 1999ರ ಹೊತ್ತಿಗೆ ಆ ಸ್ಥಳವನ್ನು ತೆರವುಗೊಳಿಸಲಾಯಿತು. ಪರಮಾಣು ತರಬೇತಿ ಗೋಸ್‌ಪೋರ್ಟ್‌ನ ‘ಎಚ್‌ಎಂಎಸ್ ಸುಲ್ತಾನ್’ ನೆಲೆಯಲ್ಲಿ ಮುಂದುವರಿಯಿತು. ಮೊದಲು ಊಹಿಸಿ ಬರೆದು ಆಮೇಲೆ ಸಲಾಕೆ ಎತ್ತುವ ಕ್ರಮವನ್ನು ನನ್ನ ಟಿಪ್ಪಣಿಗಳೊಂದಿಗೆ ಮುಂದಿನ ಬೋಧಕರಿಗೆ ಒಪ್ಪಿಸಿದೆ.