ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಮುಂದಿನ ಗಾಲಿ ಎಗರುತ್ತಾ? ಎಕ್ಸಲ್ ಬದಲಿಸುವ ಮುಂಚೆ ಇಷ್ಟು ನೋಡಿ

ವಿದ್ಯಾನಗರ, ಕೇಶ್ವಾಪುರದ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟ್ ಪಾರ್ಕಿಂಗ್ ಇರಲಿ, ದುರ್ಗದ ಬೈಲ್ ಸುತ್ತಲಿನ ಸಂದಿಗಳಿರಲಿ, ಹುಬ್ಬಳ್ಳಿಯಲ್ಲಿ ಕಾರು ಓಡಿಸುವವರಿಗೆ ದಿನಕ್ಕೆ ಒಂದು ಸಲವಾದರೂ ಸ್ಟೇರಿಂಗ್ ಫುಲ್ ಕಟ್ ಮಾಡುವ ಪ್ರಸಂಗ ಬಂದೇ ಬರುತ್ತದೆ. ಹಾಗೆ ಪೂರ್ತಿ ತಿರುಗಿಸಿಕೊಂಡು ನಿಧಾನಕ್ಕೆ ಹೋಗುವಾಗ ಕೆಲವು ಕಾರುಗಳಲ್ಲಿ ಮುಂದಿನ ಗಾಲಿ ಜಾರುತ್ತದೆ, ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಧಡ್ ಧಡ್ ಅಂತ ಎಗರಿದ ಹಾಗೆ ಆಗುತ್ತದೆ. ಸ್ಟೇರಿಂಗ್ ಹಿಡಿದ ಕೈಗೂ ಅದು ಗೊತ್ತಾಗುತ್ತದೆ. ನೇರ ರಸ್ತೆಗೆ ಬಂದರೆ ಏನೂ ಇಲ್ಲ!

ಗ್ಯಾರೇಜಿಗೆ ಹೋದರೆ ಬಹಳ ಸಲ ಬರುವ ಮೊದಲ ಮಾತು, "ಎಕ್ಸಲ್ ಹೋಗೇತ್ರೀ ಸರ್, ಹೊಸಾದು ಹಾಕಬೇಕು." ಎಕ್ಸಲ್ ಅಂದರೆ ಇಂಜಿನ್ನಿನ ಶಕ್ತಿಯನ್ನು ಗಾಲಿಗೆ ಒಯ್ಯುವ ರಾಡು. ಅದು ಹೋಗಿರಬಹುದು. ಆದರೆ ಇದೇ ಲಕ್ಷಣ ಕೊಡುವ ಕಾರಣಗಳು ಏಳೆಂಟಿವೆ, ಅದರಲ್ಲಿ ಒಂದೆರಡು ದೋಷವೇ ಅಲ್ಲ. ಯಾವುದು ಅಂತ ಗೊತ್ತಾಗುವ ಮುಂಚೆ ಒಂದು ಭಾಗ ಬಿಚ್ಚಿ ಇನ್ನೊಂದು ಹಾಕಿಸಿದರೆ ದುಡ್ಡು ಹೋಗುತ್ತದೆ, ಗಾಲಿ ಮಾತ್ರ ಎಗರುತ್ತಲೇ ಇರುತ್ತದೆ. ಅರ್ಧ ಪತ್ತೆ ಕೆಲಸ ನೀವೇ ಮಾಡಬಹುದು. ಒಂದು ಖಾಲಿ ಜಾಗ, ಜೊತೆಗೊಬ್ಬರು, ಒಂದು ಟಾರ್ಚ್ ಇದ್ದರೆ ಸಾಕು.

ಮೊದಲು ಗಾಲಿ ಯಾಕೆ ಎಗರುತ್ತದೆ ಅಂತ ತಿಳಿದುಕೊಳ್ಳಿ

ಚಕ್ಕಡಿ ತಿರುಗುವುದನ್ನು ನೋಡಿದ್ದೀರಲ್ವಾ? ಒಳಗಿನ ಗಾಲಿ ನಿಂತಲ್ಲೇ ನಿಂತ ಹಾಗಿರುತ್ತದೆ, ಹೊರಗಿನದು ದೊಡ್ಡ ಸುತ್ತು ಹಾಕಿ ಬರುತ್ತದೆ. ಕಾರಿನಲ್ಲೂ ಅದೇ ಕಥೆ. 4.8 ಮೀಟರ್ ಟರ್ನಿಂಗ್ ರೇಡಿಯಸ್ ಇರುವ ಸಣ್ಣ ಕಾರು ಫುಲ್ ಕಟ್‌ನಲ್ಲಿ ಒಂದು ಸುತ್ತು ಬಂದರೆ ಹೊರಗಿನ ಮುಂದಿನ ಗಾಲಿ ಸುಮಾರು 30 ಮೀಟರ್ ಓಡುತ್ತದೆ, ಒಳಗಿನದು 22-23 ಮೀಟರ್ ಅಷ್ಟೇ. ಎರಡೂ ಗಾಲಿ ಜಾರದೆ ಉರುಳಬೇಕಾದರೆ ಒಳಗಿನ ಗಾಲಿ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು, ಇಂಥ ಕಾರಿನಲ್ಲಿ ಹತ್ತು ಡಿಗ್ರಿಗೂ ಹೆಚ್ಚು. ಇದನ್ನು ಅಕರ್ಮನ್ ಜ್ಯಾಮಿತಿ ಅನ್ನುತ್ತಾರೆ. ಕುದುರೆ ಗಾಡಿಗಳ ಕಾಲದ್ದು ಇದು. 1818ರಲ್ಲಿ ಇಂಗ್ಲೆಂಡಿನಲ್ಲಿ ರುಡಾಲ್ಫ್ ಅಕರ್ಮನ್ ಪೇಟೆಂಟ್ ಮಾಡಿಸಿದ್ದು.

ಈ ಲೆಕ್ಕ ಕಾರಿನಲ್ಲಿ ಪಕ್ಕಾ ಕೂಡುವುದಿಲ್ಲ. ಸ್ಟೇರಿಂಗ್ ರಾಡುಗಳು ಹೆಚ್ಚುಕಡಿಮೆ ಹತ್ತಿರಕ್ಕೆ ತಂದು ನಿಲ್ಲಿಸುತ್ತವೆ, ಫುಲ್ ಕಟ್‌ನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಆಗ ಟೈರು ಉರುಳುವುದರ ಜೊತೆಗೆ ಸ್ವಲ್ಪ ಅಡ್ಡಕ್ಕೂ ಎಳೆಯಲ್ಪಡುತ್ತದೆ. ರಬ್ಬರ್ ನೆಲ ಹಿಡಿದುಕೊಂಡು ತಿರುಚಿಕೊಳ್ಳುತ್ತದೆ, ತಡೆಯಲಾರದೆ ಫಟ್ಟನೆ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಅದೇ ಆ ಎಗರಾಟ. ಅಗಲ ಟೈರಿನ ದೊಡ್ಡ ಗಾಡಿಗಳಲ್ಲಿ ಇದು ಜಾಸ್ತಿ. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಮರ್ಸಿಡಿಸ್ ಜಿಎಲ್‌ಸಿ ಮಾಲೀಕರು ಚಳಿಯಲ್ಲಿ ಇದೇ ದೂರು ಹೇಳಿಕೊಂಡು ದೊಡ್ಡ ಸುದ್ದಿಯಾಗಿತ್ತು. ಚಳಿಗೆ ರಬ್ಬರ್ ಬಿರುಸಾಗುತ್ತದೆ, ಎಗರಾಟ ಹೆಚ್ಚಾಗುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ, ಆದರೆ ಡಿಸೆಂಬರ್-ಜನವರಿಯ ಧಾರವಾಡದ ಬೆಳಗು ಮತ್ತು ಹಳೇ ಟೈರು ಎರಡೂ ಸೇರಿದರೆ ಸಾಕಾಗುತ್ತದೆ.

ಹವಾ ಮತ್ತು ಟೈರು

ಇದನ್ನು ಮಾಡದೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ, ಅದರಲ್ಲಿರುವಷ್ಟು ಹವಾ ನಾಲ್ಕೂ ಗಾಲಿಗೆ ಹಾಕಿಸಿ. ಟೈರು ತಣ್ಣಗಿರುವಾಗ ಹಾಕಿಸಿ. ಪಂಕ್ಚರ್ ಅಂಗಡಿಯಲ್ಲಿ ಕೇಳದೆಯೇ ಎಲ್ಲ ಕಾರಿಗೂ ಒಂದೇ ಲೆಕ್ಕದಲ್ಲಿ ತುಂಬುವವರಿದ್ದಾರೆ, ನೀವು ಸ್ಟಿಕ್ಕರ್ ನೋಡಿಯೇ ಹೇಳಿ.

ಆಮೇಲೆ ಟೈರಿನ ಪಕ್ಕದಲ್ಲಿ ಬರೆದ ಸೈಜ್ ಓದಿ. ಎಡ ಮತ್ತು ಬಲ ಒಂದೇ ಇದೆಯಾ? ಒಂದೇ ಕಂಪನಿ, ಒಂದೇ ಡಿಸೈನ್ ಆದರೆ ಇನ್ನೂ ಒಳ್ಳೆಯದು. ಅಲ್ಲೇ 'DOT' (ಡಾಟ್) ಅಂತ ಇರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಸಿಗುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷವಾದ ಟೈರು ನೋಡೋಕೆ ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಮೂಲ ಸೈಜ್ ಬಿಟ್ಟು ಅಗಲ ಟೈರು, ದೊಡ್ಡ ಅಲಾಯ್ ಹಾಕಿಸಿದ್ದರೆ ಅದನ್ನೂ ನೆನಪಿಡಿ. ಅದು ಎಗರುವುದಕ್ಕೂ ಕಾರಣ, ಫೆಂಡರ್ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುವುದಕ್ಕೂ ಕಾರಣ.

ಈಗ ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಆಡಿಸಿ, ಹೊರಗಿಂದ ಒಳಗೆ, ಮತ್ತೆ ಒಳಗಿಂದ ಹೊರಗೆ. ಮೆಲ್ಲಗೆ ಆಡಿಸಿ, ಟೈರಿನಲ್ಲಿ ತಂತಿ ಎದ್ದಿದ್ದರೆ ಕೈ ಕೊಯ್ಯುತ್ತದೆ. ಎರಡೂ ಕಡೆಗೆ ಒಂದೇ ಥರ ನುಣುಪಾಗಿದ್ದರೆ ಒಳ್ಳೆಯದು. ಒಂದು ಕಡೆಗೆ ನುಣುಪು, ಉಲ್ಟಾ ಆಡಿಸಿದಾಗ ಪ್ರತಿ ಬ್ಲಾಕಿನ ಅಂಚು ಬೆರಳಿಗೆ ತಾಗುತ್ತದೆ ಅಂದರೆ ಟೋ ಅಲೈನ್‌ಮೆಂಟ್, ಅಂದರೆ ಎರಡು ಗಾಲಿಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗದ ಹಾಗೆ ಇಡುವ ಹೊಂದಾಣಿಕೆ, ತಪ್ಪಿದೆ. ಟೈರು ದಿನವೂ ಅಡ್ಡಕ್ಕೆ ಉಜ್ಜಿಕೊಂಡೇ ಓಡುತ್ತಿದೆ. ಮಷೀನಿಗೆ ಹಾಕುವ ಮುಂಚೆಯೇ ಇಷ್ಟು ಗೊತ್ತಾಗುತ್ತದೆ.

ಖಾಲಿ ಜಾಗದಲ್ಲಿ ಒಂದು ಸುತ್ತು

ಜನ, ಮಕ್ಕಳು, ದನ ಇಲ್ಲದ ಸಮತಟ್ಟು ಜಾಗ ಹುಡುಕಿ. ಕಾಂಕ್ರೀಟ್ ಅಥವಾ ಡಾಂಬರ್ ಆಗಬೇಕು, ಮಣ್ಣಲ್ಲ. ಕಿಟಕಿ ಇಳಿಸಿ, ಹಾಡು ಬಂದ್ ಮಾಡಿ. ಐದು ಕಿಲೋಮೀಟರ್ ವೇಗದಲ್ಲಿ, ಅಂದರೆ ನಡೆಯುವಷ್ಟೇ ನಿಧಾನಕ್ಕೆ, ಎಡಕ್ಕೆ ಫುಲ್ ಕಟ್ ಮಾಡಿ ಒಂದು ಸುತ್ತು, ಬಲಕ್ಕೆ ಒಂದು ಸುತ್ತು. ಅದನ್ನೇ ರಿವರ್ಸ್‌ನಲ್ಲಿ. ಆಮೇಲೆ ಅರ್ಧ ಕಟ್‌ನಲ್ಲಿ. ಜೊತೆಗಿರುವವರು ಹೊರಗೆ ದೂರ ನಿಂತು ಗಾಲಿ ನೋಡಲಿ, ಕಾರಿನ ಜೊತೆ ಓಡುವುದು ಬೇಡ. ಪವರ್ ಸ್ಟೇರಿಂಗ್‌ನಲ್ಲಿ ಕೊನೆಗೆ ತಾಗಿಸಿ ಒತ್ತಿ ಹಿಡಿಯಬೇಡಿ, ತುಸು ಸಡಿಲ ಬಿಡಿ. ಇಲ್ಲದಿದ್ದರೆ ಹಳೇ ಹೈಡ್ರಾಲಿಕ್ ಪಂಪು ಗೊಂಯ್ ಅನ್ನುತ್ತದೆ, ಆ ಸದ್ದನ್ನು ಬೇರೆ ಏನೋ ಅಂತ ತಿಳಿಯುತ್ತೀರಿ.

ಸುತ್ತು ಮುಗಿದ ಮೇಲೆ ಇಳಿದು ನೆಲ ನೋಡಿ. ಧೂಳು ಕೂತ ಕಾಂಕ್ರೀಟ್ ಆದರೆ ಟೈರಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಉರುಳಿದ ಟೈರು ತನ್ನ ಡಿಸೈನನ್ನು ಹಾಗೇ ಮೂಡಿಸುತ್ತದೆ. ಎಗರಿದ ಟೈರು ತುಂಡು ತುಂಡಾಗಿ ಗುರುತು ಬಿಡುತ್ತದೆ: ಗೇಣುದ್ದ ಒರೆಸಿದ ಹಾಗೆ, ನಡುವೆ ಖಾಲಿ, ಮತ್ತೆ ಒರೆಸಿದ ಹಾಗೆ. ಒಳಗಿನ ಗಾಲಿಯದಾ, ಹೊರಗಿನದಾ ಅಂತ ಅಲ್ಲೇ ತಿಳಿಯುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ, ಮಿಸ್ತ್ರಿಗೆ ತೋರಿಸಲು ಬೇಕಾಗುತ್ತದೆ.

ಈಗ ಅದೇ ಜಾಗಕ್ಕೆ ಎರಡು ಕೊಡ ನೀರು ಸುರಿದು ಅದೇ ಸುತ್ತು ಹಾಕಿ. ಇಲ್ಲವೇ ಮಣ್ಣಿನ ಮೈದಾನಕ್ಕೆ ಹೋಗಿ. ನೀರಿನ ಮೇಲೆ, ಮಣ್ಣಿನ ಮೇಲೆ ಎಗರಾಟ ನಿಂತು ಸಲೀಸಾಗಿ ತಿರುಗಿದರೆ ಅದು ಟೈರು ಮತ್ತು ನೆಲದ ನಡುವಿನ ವ್ಯವಹಾರ. ಎಡಕ್ಕೂ ಬಲಕ್ಕೂ ಒಂದೇ ಥರ, ಫುಲ್ ಕಟ್‌ನಲ್ಲಿ ಮಾತ್ರ, ಅರ್ಧ ಕಟ್‌ನಲ್ಲಿ ಇಲ್ಲ ಅಂದರೆ ಬಹುಮಟ್ಟಿಗೆ ಕಾರಿನ ಸ್ವಭಾವವೇ ಅದು. ಅಲೈನ್‌ಮೆಂಟ್ ನೋಡಿಸಿ, ಟೈರು ಹಳೆಯದಾಗಿದ್ದರೆ ಬದಲಿಸಿ, ಕೊನೆಯವರೆಗೆ ಕಟ್ ಮಾಡದೆ ಕಾಲು ಸುತ್ತು ಬಿಟ್ಟು ತಿರುಗಿಸಿ. ಒಂದೇ ಕಡೆಗೆ ಆದರೆ, ಅಥವಾ ಮಣ್ಣಿನ ಮೇಲೂ ಧಕ್ ಅಂದರೆ, ಯಾವುದೋ ಭಾಗ ಕೆಟ್ಟಿದೆ.

ಫೋರ್ ಬೈ ಫೋರ್ ಗಾಡಿ ಇದ್ದವರು ಇಲ್ಲೇ ಒಂದು ಸಂಗತಿ ಗಮನಿಸಿ. ಥಾರ್, ಜಿಮ್ನಿ, ಜಿಪ್ಸಿ ಥರದ ಗಾಡಿಗಳಲ್ಲಿ 4ಎಚ್ (ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗೇರ್) ಹಾಕಿದಾಗ ಮುಂದಿನ, ಹಿಂದಿನ ಎಕ್ಸಲ್ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಮಣ್ಣಿನಲ್ಲಾದರೆ ಜಾರಿ ಸರಿದೂಗಿಸಿಕೊಳ್ಳುತ್ತವೆ, ಡಾಂಬರಿನಲ್ಲಿ ಜಾಗ ಸಿಗದೆ ಎಗರುತ್ತವೆ. ಹೊಲಕ್ಕೆ ಹೋಗಿ ಬಂದು 2ಎಚ್‌ಗೆ (ಎರಡೇ ಗಾಲಿಗೆ ಶಕ್ತಿ ಹೋಗುವ ಗೇರ್) ಹಾಕುವುದನ್ನು ಮರೆತವರೇ ಬಹಳ. ಲಿವರ್ 2ಎಚ್‌ಗೆ ಹಾಕಿದರೂ ಮೀಟರಿನಲ್ಲಿ ದೀಪ ಆರದಿದ್ದರೆ ನೇರವಾಗಿ ನಾಲ್ಕಾರು ಮೀಟರ್ ರಿವರ್ಸ್ ಹೋಗಿ, ಸಾಮಾನ್ಯವಾಗಿ ಬಿಡುತ್ತದೆ. ಬಿಡದಿದ್ದರೆ ಗ್ಯಾರೇಜ್. ಹಿಂದಿನ ಎರಡೂ ಗಾಲಿಯನ್ನು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಸಿಕ್ಕಿಕೊಂಡರೂ ಮುಂದಿನ ಗಾಲಿ ಅಡ್ಡಕ್ಕೆ ತಳ್ಳಲ್ಪಡುತ್ತದೆ.

ಗಾಲಿಯೋ, ಕ್ಲಚ್ಚೋ?

ನಿಧಾನಕ್ಕೆ ತಿರುಗಿಸುವಾಗ ನಾವೆಲ್ಲ ಅರ್ಧ ಕ್ಲಚ್‌ನಲ್ಲೇ ಇರುತ್ತೇವೆ. ಕ್ಲಚ್ ನಡುಗಿದರೂ, ಇಂಜಿನ್ ಕೂರಿಸಿದ ರಬ್ಬರ್ ಮೌಂಟಿಂಗ್ ಹೋಗಿದ್ದರೂ ಗಾಲಿಯೇ ಎಗರಿದ ಹಾಗೆ ಅನಿಸುತ್ತದೆ. ಬೇರ್ಪಡಿಸುವುದು ಸುಲಭ. ತುಸು ಇಳಿಜಾರು ಇರುವ ಖಾಲಿ ಜಾಗದಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡೇ ಕ್ಲಚ್ ಪೂರ್ತಿ ಒತ್ತಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡು, ಕಾರು ತಾನಾಗಿ ಉರುಳುವಾಗ ತಿರುಗಿಸಿ. ಆಗಲೂ ಎಗರಿದರೆ ಟೈರು ಅಥವಾ ಸಸ್ಪೆನ್ಶನ್. ನಿಂತುಹೋದರೆ ಕ್ಲಚ್, ಮೌಂಟಿಂಗ್ ಅಥವಾ ಎಕ್ಸಲ್. ಈ ಒಂದು ಪರೀಕ್ಷೆ ಮಾಡಿ ಹೋದರೆ ಗ್ಯಾರೇಜಿನಲ್ಲಿ ಹುಡುಕುವ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಕಿವಿಗೆ ಏನು ಕೇಳಿಸುತ್ತದೆ?

ಕಟ್ ಕಟ್ ಕಟ್ ಅಂತ ಗಾಲಿಯ ವೇಗಕ್ಕೆ ತಕ್ಕ ಹಾಗೆ ಬಂದು, ಎಕ್ಸಲೇಟರ್ ಒತ್ತಿದಾಗ ಜೋರಾದರೆ ಅದು ಎಕ್ಸಲಿನ ಹೊರಗಿನ ಸಿವಿ ಜಾಯಿಂಟ್, ಅಂದರೆ ಗಾಲಿ ಕಟ್ ಆದಾಗಲೂ ಶಕ್ತಿ ತಲುಪಿಸುವ ಕೀಲು. ಅದರೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ತೋಡುಗಳಲ್ಲಿ ಓಡಾಡುತ್ತವೆ. ತೋಡು ಸವೆದರೆ ಪೂರ್ತಿ ತಿರುಗಿಸಿದಾಗ ಗುಂಡುಗಳು ತಡವರಿಸುತ್ತವೆ. ಎಡಕ್ಕೆ ತಿರುಗಿಸಿದಾಗ ಸದ್ದು ಬಂದರೆ ಹೆಚ್ಚಾಗಿ ಬಲಗಡೆಯ ಜಾಯಿಂಟ್ ಮೇಲೆ ಅನುಮಾನ ಪಡಿ. ಟಾರ್ಚ್ ಹಾಕಿ ಗಾಲಿಯ ಹಿಂದಿರುವ ಮಡಿಕೆ ಮಡಿಕೆಯ ರಬ್ಬರ್ ಬೂಟ್ ನೋಡಿ. ಅದು ಹರಿದು ರಿಮ್ಮಿನ ಒಳಬದಿಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಉತ್ತರ ಸಿಕ್ಕಿತು. ನವಲಗುಂದ, ನರಗುಂದದ ಕಡೆ ಎರಿ ಮಣ್ಣಿನಲ್ಲಿ ಓಡಾಡುವವರು ಮಳೆಗಾಲ ಮುಗಿದ ಮೇಲೆ ಇದನ್ನು ನೋಡಲೇಬೇಕು. ಆ ಮಣ್ಣು ಬೂಟಿನ ಸುತ್ತ, ರಿಮ್ಮಿನೊಳಗೆ ಮೆತ್ತಿಕೊಂಡು ಒಣಗಿದರೆ ಇಟ್ಟಂಗಿ ಆಗುತ್ತದೆ. ಬೂಟ್ ಹರಿದು, ಸದ್ದು ಇನ್ನೂ ಶುರುವಾಗಿಲ್ಲ ಅಂದರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೂ ಸಾಕು, ಇಡೀ ಎಕ್ಸಲ್ ಬೇಕಿಲ್ಲ.

ಕಾರು ನಿಂತಿರುವಾಗಲೇ ಸ್ಟೇರಿಂಗ್ ತಿರುಗಿಸಿದರೆ ಠಣ್ ಅಂತ ಸ್ಪ್ರಿಂಗ್ ಬಿಟ್ಟ ಹಾಗೆ ಸದ್ದು, ಕೈಗೆ ಜಗ್ಗಿದ ಅನುಭವ? ಶಾಕ್ ಅಬ್ಸಾರ್ಬರ್ ಮೇಲ್ತುದಿಯ ಸ್ಟ್ರಟ್ ಬೇರಿಂಗ್ ಹಿಡಿದುಕೊಂಡಿದೆ. ಸ್ಪ್ರಿಂಗ್ ತಿರುಚಿಕೊಂಡು ಒಮ್ಮೆಲೇ ಬಿಡುತ್ತದೆ. ಬಾನೆಟ್ ತೆರೆದು ಜೊತೆಯವರು ಸ್ಟೇರಿಂಗ್ ತಿರುಗಿಸುವಾಗ ಸ್ಟ್ರಟ್ ಮೇಲಿನ ಭಾಗ ನೋಡಿ, ಹಲವು ಕಾರುಗಳಲ್ಲಿ ಜಿಗಿಯುವುದು ಕಣ್ಣಿಗೇ ಕಾಣುತ್ತದೆ. ಸ್ಪ್ರಿಂಗ್ ನಡುವೆ ಬೆರಳು ಹಾಕಬೇಡಿ.

ಸರ್ ಸರ್ ಅಂದರೆ ಟೈರು ಎಲ್ಲೋ ಉಜ್ಜುತ್ತಿದೆ, ಒಳಗಿನ ಪ್ಲಾಸ್ಟಿಕ್‌ನಲ್ಲಿ ಹೊಳೆಯುವ ಗೆರೆ ಹುಡುಕಿ.

ಜ್ಯಾಕ್ ಹಾಕಿ ನೋಡುವುದು

ಟಕ್ ಅಂತ ಒಂದೇ ಸಲ, ಬ್ರೇಕ್ ಬಿಟ್ಟಾಗ ಅಥವಾ ತಗ್ಗಿಗೆ ಇಳಿದಾಗಲೂ ಬರುತ್ತದೆ ಅಂದರೆ ಗಾಲಿಯನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಶ್ ಅಥವಾ ಅದರ ತುದಿಯ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್ ನೋಡಬೇಕು. ಸಮ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಗಾಲಿಗಳಿಗೆ ಮುಂದೂ ಹಿಂದೂ ಕಲ್ಲಿಟ್ಟು, ಮುಂದಿನ ಒಂದು ಗಾಲಿ ಎತ್ತಿ. ಕಾರಿನ ಜೊತೆ ಬರುವ ಜ್ಯಾಕ್ ಸ್ಟೆಪ್ನಿ ಬದಲಿಸುವುದಕ್ಕೆ ಮಾತ್ರ. ಅದರ ಭರವಸೆಯಲ್ಲಿ ಕಾರಿನ ಕೆಳಗೆ ತಲೆ, ಕೈ ಹಾಕಲೇಬೇಡಿ. ಎತ್ತಿದ ಕಾರನ್ನು ಆನಿಸುವ ಸ್ಟ್ಯಾಂಡ್ ಇಲ್ಲದಿದ್ದರೆ ಈ ಹಂತವನ್ನು ಗ್ಯಾರೇಜಿನಲ್ಲೇ ಮಾಡಿಸಿ.

ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಎಡ ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಸ್ಟೇರಿಂಗ್ ಕಡೆಯಿಂದ ಗಾಲಿಯನ್ನು ತಿರುಗಿಸುವ ಟೈ ರಾಡ್ ತುದಿ. ಬಾಲ್ ಜಾಯಿಂಟ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಆ ಕಾರನ್ನು ಓಡಿಸಿಕೊಂಡು ಹೋಗಬೇಡಿ, ದಯವಿಟ್ಟು. ಅದು ಕಳಚಿದರೆ ಗಾಲಿ ಹೊರಕ್ಕೆ ಮಲಗುತ್ತದೆ. ಮಿಸ್ತ್ರಿಯನ್ನೇ ಮನೆಗೆ ಕರೆಸಿ, ಇಲ್ಲವೇ ಟೋಯಿಂಗ್ ಗಾಡಿ ಕರೆಸಿ.

ಅಲೈನ್‌ಮೆಂಟ್ ಕೊನೆಗೆ

ಸಡಿಲ ಭಾಗಗಳನ್ನು ಬದಲಿಸಿದ ಮೇಲೆಯೇ ಅಲೈನ್‌ಮೆಂಟ್ ಮಾಡಿಸಿ, ಮುಂಚೆ ಮಾಡಿಸಿದರೆ ದುಡ್ಡು ದಂಡ. ಮಾಡುವ ಮುಂಚಿನ ಮತ್ತು ಆಮೇಲಿನ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ. ಬಹಳಷ್ಟು ಸಣ್ಣ ಕಾರುಗಳಲ್ಲಿ ಮುಂದೆ ಟೋ ಮಾತ್ರ ಹೊಂದಿಸಬಹುದು. ಕ್ಯಾಂಬರ್, ಅಂದರೆ ಗಾಲಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಪ್ರಿಂಟಿನಲ್ಲಿ ಒಂದು ಕಡೆ ಕೆಂಪಗೆ ತೋರಿಸುತ್ತಿದ್ದರೆ ಏನೋ ಬಾಗಿರಬಹುದು. ಡಿವೈಡರ್‌ಗೆ ಗಾಲಿ ಬಡಿದದ್ದು, ದೊಡ್ಡ ತಗ್ಗಿಗೆ ಬಿದ್ದದ್ದು ನೆನಪಿದ್ದರೆ ಮುಚ್ಚಿಡದೆ ಹೇಳಿ. ಎಡಕ್ಕೆ ಎಗರುತ್ತದೆ, ಬಲಕ್ಕೆ ಇಲ್ಲ, ಸಡಿಲ ಭಾಗವೂ ಸಿಗುತ್ತಿಲ್ಲ ಅಂದರೆ ಟೈ ರಾಡ್ ಸೇರುವ ಗಾಲಿ ಕಡೆಯ ತೋಳು, ಅಂದರೆ ಸ್ಟೇರಿಂಗ್ ಆರ್ಮ್ ಬಾಗಿರುವ ಸಾಧ್ಯತೆ ಇದೆ. ಇದು ಗಾಲಿ ನೇರ ಇಟ್ಟು ಮಾಡುವ ಅಳತೆಯಲ್ಲಿ ಸಿಗುವುದಿಲ್ಲ. ಗಾಲಿಗಳನ್ನು ತಿರುಗುವ ತಟ್ಟೆಯ ಮೇಲೆ ನಿಲ್ಲಿಸಿ, ಒಳಗಿನದನ್ನು 20 ಡಿಗ್ರಿ ತಿರುಗಿಸಿದಾಗ ಹೊರಗಿನದು ಎಷ್ಟು ತಿರುಗಿತು ಅಂತ ನೋಡಿ, ಅದನ್ನೇ ಇನ್ನೊಂದು ಕಡೆಗೂ ಮಾಡಿ, ಎರಡನ್ನೂ ಹೋಲಿಸಿ ನೋಡಬೇಕು. ಹೀಗೆ ಅಳೆದು ಕೊಡಿ ಅಂತ ನೀವೇ ಕೇಳಿ. ಎರಡು ಕಡೆಯ ಲೆಕ್ಕ ಕೂಡದಿದ್ದರೆ ಬಾಗಿದ್ದು ಯಾವುದು ಅಂತ ಅಲ್ಲಿಂದಲೇ ಹುಡುಕುವುದು.

ಕೆಲಸ ಮುಗಿದ ಮೇಲೆ ಬಿಲ್ ಕೊಡುವ ಮುಂಚೆ ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿ ನೆಲದ ಮೇಲೆ, ಅಷ್ಟೇ ಹವಾದಲ್ಲಿ, ಎಡಕ್ಕೊಂದು ಬಲಕ್ಕೊಂದು ಫುಲ್ ಕಟ್ ಸುತ್ತು ಹಾಕಿಸಿ ನೋಡಿ.