ಮೆಕ್ಕೆಜೋಳದ ಧೂಳು ಕುಡಿದ ಲ್ಯಾಪ್‌ಟಾಪ್

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ರೈತರಿಗೆ ಕೊಡುವ ಪಟ್ಟಿ, ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವ ಪತ್ರ, ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ. ಅದನ್ನು ತಗೊಂಡಿದ್ದು 2015ರಲ್ಲಿ. ಐದನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್.

ಮೊದಲು ಚೆನ್ನಾಗೇ ಇತ್ತು. ಆಮೇಲಾಮೇಲೆ ಹೇಗಾಯಿತೆಂದರೆ, ಬೆಳಿಗ್ಗೆ ಸ್ವಿಚ್ ಒತ್ತಿ, ಕಸ ಗುಡಿಸಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಟೀ ತರಿಸಿ ಕುಡಿದು ಲೋಟ ಕೆಳಗಿಟ್ಟರೂ ಪರದೆ ಮೇಲೆ ಆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಒಂದು ದಿನ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿದೆ. ಬಟನ್ ಒತ್ತಿದ್ದರಿಂದ ಟ್ಯಾಲಿ ತೆರೆಯೋವರೆಗೆ 7 ನಿಮಿಷ 40 ಸೆಕೆಂಡು. ಅದು ಹೋಗಲಿ, ಮಾಲು ಬರೋ ಹೊತ್ತಿನಲ್ಲಿ ರೈತರು ಎದುರಿಗೇ ನಿಂತಿರ್ತಾರಲ್ಲ, ಅದು ಕಷ್ಟ. "ಅಕ್ಕಾರೆ, ಪಟ್ಟಿ ಬಂತೇನ್ರಿ? ಜಗಳೂರು ಬಸ್ ತಪ್ಪಿದ್ರೆ ಇಲ್ಲೇ ಮಲಗಬೇಕಾಗ್ತೈತೆ" ಅಂತ ಒಬ್ಬ ಅಜ್ಜ ಹೇಳಿದಾಗ ನಾನು ಮೌಸ್ ಅಲ್ಲಾಡಿಸುತ್ತಾ ಕೂತಿದ್ದೆ. ಬೇರೆ ಏನು ಮಾಡಲಿ?

ಮೊದಲು ಮಾಡಿದ್ದೆಲ್ಲ ತಪ್ಪು ಕೆಲಸ. ಒಂದೇ ಕ್ಲಿಕ್ಕಿಗೆ ವೇಗ ಹೆಚ್ಚಿಸುತ್ತೇವೆ ಅನ್ನೋ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. 1,200 ದೋಷ ಸಿಕ್ಕಿವೆ, ಸರಿ ಮಾಡಲು ದುಡ್ಡು ಕಟ್ಟಿ ಅಂದಿತು. ಅದೂ ಹಿನ್ನೆಲೆಯಲ್ಲಿ ಓಡೋಕೆ ಶುರುವಾಗಿ ಲ್ಯಾಪ್‌ಟಾಪ್ ಇನ್ನಷ್ಟು ತೆವಳಿತು. ವಿಂಡೋಸಿನದೇ ಆಂಟಿವೈರಸ್ ಸಾಲದು ಅಂತ ಇನ್ನೊಂದನ್ನು ತಂದೆ, ಅದೂ ದಂಡ. ಡಿಸ್ಕಿನಲ್ಲಿ ಚದುರಿದ ಫೈಲುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಅಂತ ಇಡೀ ರಾತ್ರಿ ಓಡಿಸಿದೆ. ಬೆಳಿಗ್ಗೆ ನೋಡಿದರೆ ಬರೀ 20 ಸೆಕೆಂಡು ಕಡಿಮೆಯಾಗಿತ್ತು. ರಿಪೇರಿ ಅಂಗಡಿಯೊಂದರಲ್ಲಿ ಮುಚ್ಚಳ ಕೂಡ ಬಿಚ್ಚದೆ "ಬೋರ್ಡ್ ಹೋಗೈತೆ, ಹೊಸಾದು ತಗಂಬಿಡ್ರಿ" ಅಂದರು. ಬೋರ್ಡ್ ಹೋಗಿದ್ದರೆ ಅದು ಆನ್ ಯಾಕೆ ಆಗುತ್ತೆ ಅಂತ ಕೇಳಬೇಕಿತ್ತು. ಕೇಳಲಿಲ್ಲ, ಸುಮ್ನೆ ಬಂದೆ.

ಕೊನೆಗೆ ದಾರಿ ತೋರಿಸಿದ್ದು ಡಿಪ್ಲೊಮಾ ಓದುತ್ತಿರುವ ನನ್ನ ತಂಗಿ ಮಗ. "ದೊಡ್ಡಮ್ಮ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ನೋಡು" ಅಂದ. ಯಾವ ಭಾಗಕ್ಕೆ ಎಷ್ಟು ಕೆಲಸ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ಬಂತು. ಸಿಪಿಯು, ಅಂದರೆ ಪ್ರೊಸೆಸರ್, 15 ಪರ್ಸೆಂಟಿನ ಆಸುಪಾಸು, ಅಂದರೆ ಆರಾಮಾಗಿ ಕೂತಿದೆ. ಮೆಮೊರಿ ಹೆಚ್ಚುಕಡಿಮೆ ತುಂಬಿದೆ. ಡಿಸ್ಕ್ ಮಾತ್ರ 100 ಪರ್ಸೆಂಟ್, ಕೆಂಪಗೆ. ವಿಚಿತ್ರ ಅಂದರೆ ಅಷ್ಟು ಒದ್ದಾಡಿಯೂ ಅದು ಓದುತ್ತಿದ್ದುದು ಸೆಕೆಂಡಿಗೆ ಎರಡೋ ಮೂರೋ ಎಂಬಿ.

ಇದು ನನಗೆ ಅರ್ಥವಾಗಿದ್ದು ನಮ್ಮ ಗೋಡೌನು ನೆನಪಾದಾಗ. ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ಸುತ್ತುತ್ತಿರುತ್ತೆ, ಅದರ ಮೇಲೊಂದು ಕಡ್ಡಿ ಆ ಕಡೆ ಈ ಕಡೆ ಓಡಾಡುತ್ತೆ. ನನ್ನದು ನಿಮಿಷಕ್ಕೆ 5,400 ಸುತ್ತಿನದು. ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಕಡ್ಡಿ ಕೆಳಗೆ ಬರೋವರೆಗೆ ಕಾಯಬೇಕು, ಕಡ್ಡಿಯೂ ಜಾಗಕ್ಕೆ ಹೋಗಬೇಕು. ಹಾಗಾಗಿ ಚದುರಿಬಿದ್ದ ಸಣ್ಣ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರು ಸಲ ತರುವುದೂ ಅದಕ್ಕೆ ಕಷ್ಟ. ಒಬ್ಬನೇ ಹಮಾಲಿ, ಗೋಡೌನಿನ ಮೂಲೆ ಮೂಲೆಯಿಂದ ಒಂದೊಂದೇ ಹಿಡಿ ಜೋಳ ತಂದ ಹಾಗೆ. ಇನ್ನು ರ್‍ಯಾಮ್ ಅಂದರೆ ಅಂಗಡಿ ಮುಂದಿನ ಕಟ್ಟೆ. ಕಟ್ಟೆ ತುಂಬಿದರೆ ವಿಂಡೋಸ್ ಒಂದಿಷ್ಟನ್ನು ಮತ್ತೆ ಗೋಡೌನಿಗೆ ಹೊರಿಸುತ್ತೆ, ಬೇಕಾದಾಗ ಮತ್ತೆ ತರಿಸುತ್ತೆ. ಅದೂ ಅದೇ ಹಮಾಲಿಯ ತಲೆಮೇಲೆ. ಹಾರ್ಡ್ ಡಿಸ್ಕಿನ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ಸುತ್ತುವ ತಟ್ಟೆಯೇ ಇಲ್ಲ, ಎಲ್ಲ ಎಲೆಕ್ಟ್ರಾನಿಕ್ ಚಿಪ್. ಕಾಯೋ ಮಾತೇ ಬರಲ್ಲ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಡಿಸ್ಕಿನ ಆರೋಗ್ಯ ನೋಡಿದೆವು. ಹಳದಿ ಬಣ್ಣ, ಎಚ್ಚರಿಕೆ. ಕೆಟ್ಟ ಸೆಕ್ಟರುಗಳನ್ನು ಅದಾಗಲೇ ಪಕ್ಕಕ್ಕೆ ಸರಿಸಿಕೊಂಡು ಕೆಲಸ ಮಾಡುತ್ತಿತ್ತು ಪಾಪ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಹತ್ತು ವರ್ಷದ ಲೆಕ್ಕ ಅದರಲ್ಲಿದೆ ಅಲ್ವಾ? ಮಾರನೇ ದಿನ ಟ್ಯಾಲಿಯ ಡೇಟಾ ಫೋಲ್ಡರು, ನುಡಿ ಫೈಲುಗಳು ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಸಾಹುಕಾರರ ಬೀರುವಿನಲ್ಲಿ ಇಡಿಸಿದೆ. ಬೇರೆ ಕೆಲಸಕ್ಕೆ ಕೈ ಹಚ್ಚಿದ್ದು ಅದಾದ ಮೇಲೆ.

240 ಜಿಬಿಯ, ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುವ ಸಾಟಾ ನಮೂನೆಯ ಎಸ್‌ಎಸ್‌ಡಿ ತರಿಸಿದೆ, ಎರಡೂವರೆ ಇಂಚಿನದು. ಇದಕ್ಕಿಂತ ವೇಗದವು ಸಿಗುತ್ತವೆ, ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಅವಕ್ಕೆ ಜಾಗವೇ ಇಲ್ಲ. ರ್‍ಯಾಮಿನಲ್ಲಿ ಒಂದು ಸೂಕ್ಷ್ಮ ಇದೆ. ನನ್ನದಕ್ಕೆ ಬೇಕಾದದ್ದು 1.35 ವೋಲ್ಟಿನ ಡಿಡಿಆರ್3ಎಲ್. ಆ ಕೊನೆಯ 'ಎಲ್' ಇಲ್ಲದ 1.5 ವೋಲ್ಟಿನದು ನೋಡೋಕೆ ಹಾಗೇ ಇರುತ್ತೆ, ಸ್ಲಾಟಿನಲ್ಲೂ ಕೂರುತ್ತೆ, ಕೆಲಸ ಮಾಡಲ್ಲ. ಹಳೆಯದೊಂದು 4 ಜಿಬಿ ಸಿಕ್ಕಿತು, ಖಾಲಿ ಇದ್ದ ಎರಡನೇ ಸ್ಲಾಟಿಗೆ ಆಯಿತು. ಪ್ರೊಸೆಸರಿನ ಬಿಸಿ ಹೊರಹೋಗಲು ಅದರ ಮೇಲೆ ಹಚ್ಚುವ ಪೇಸ್ಟೂ ಸೇರಿ ಎಲ್ಲ ಮೂರು ಸಾವಿರದೊಳಗೆ.

ಬಿಚ್ಚಿದ್ದು ಒಂದು ಭಾನುವಾರ, ಮನೆಯ ಊಟದ ಟೇಬಲ್ ಮೇಲೆ. ಚಾರ್ಜರ್ ತೆಗೆದು, ಬ್ಯಾಟರಿ ತೆಗೆದು, ಸ್ಕ್ರೂ ಎಲ್ಲಿಯದು ಎಲ್ಲಿಗೆ ಅಂತ ಹಾಳೆ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಅಲ್ಲಲ್ಲೇ ಸ್ಕ್ರೂ ಇಟ್ಟು ಟೇಪು ಅಂಟಿಸಿದೆ. ಮುಚ್ಚಳ ಬಂದ ಮೇಲೆ ಕಂಡಿದ್ದು ಫ್ಯಾನು. ಫ್ಯಾನಿಗೂ ಅದರ ಮುಂದಿನ ತಾಮ್ರದ ಜಾಲರಿಗೂ ನಡುವೆ ಬೂದು ಬಣ್ಣದ ದಪ್ಪ ಪದರ. ಚಿಮಟದಲ್ಲಿ ಎಳೆದರೆ ಹರಿಯದೆ ಪಟ್ಟಿಯ ಹಾಗೆ ಇಡಿಯಾಗಿ ಬಂತು, ಹಳೇ ಹಾಸಿಗೆಯ ಹತ್ತಿ ಥರ. ಹಮಾಲರು ಚೀಲ ಸುರಿಯುವಾಗ ಏಳುತ್ತಲ್ಲ ಜೋಳದ ಹೊಟ್ಟು, ಅದೂ ಗೋಣಿ ನಾರೂ ಸೇರಿ ಹೆಪ್ಪುಗಟ್ಟಿತ್ತು. ಊರಿನ ಹತ್ತಿ ಗಿರಣಿಗಳು ಮುಚ್ಚಿ ಎಷ್ಟೋ ವರ್ಷ ಆಯಿತು, ನನ್ನ ಫ್ಯಾನಿನೊಳಗೆ ಮಾತ್ರ ಒಂದು ಇನ್ನೂ ನಡೀತಿತ್ತು. ಗಾಳಿ ಆಡದಿದ್ದರೆ ಪ್ರೊಸೆಸರ್ ಬಿಸಿಯಾಗುತ್ತೆ, ಬಿಸಿಯಾದರೆ ಸುಟ್ಟುಹೋಗಬಾರದು ಅಂತ ತಾನೇ ವೇಗ ತಗ್ಗಿಸಿಕೊಳ್ಳುತ್ತೆ. ಏಪ್ರಿಲಿನಲ್ಲಿ ಮಧ್ಯಾಹ್ನದ ಹೊತ್ತು ಇನ್ನೂ ನಿಧಾನ ಆಗುತ್ತಿದ್ದುದು ಯಾಕೆ ಅಂತ ಆಗ ಹೊಳೆಯಿತು.

ಬ್ರಷ್ಷಿನಲ್ಲಿ ಉಜ್ಜಿ ಬ್ಲೋಯರ್ ಹಿಡಿದೆ. ಹಿಡಿಯುವಾಗ ಫ್ಯಾನಿನ ರೆಕ್ಕೆ ಸುತ್ತದಂತೆ ಬೆರಳಲ್ಲಿ ಒತ್ತಿಕೊಂಡಿರಬೇಕು, ಇಲ್ಲದಿದ್ದರೆ ಅದು ತನ್ನ ಮಿತಿ ಮೀರಿ ಸುತ್ತಿ ಬೇರಿಂಗ್ ಹಾಳಾಗಬಹುದು. ಪ್ರೊಸೆಸರ್ ಮೇಲಿನ ಹಳೇ ಪೇಸ್ಟು ಒಣಗಿ ಸುಣ್ಣದ ಹಾಗಾಗಿತ್ತು. ಒರೆಸಿ ಹೊಸದು ಹಾಕಿದೆ. ಒಂದು ಅಕ್ಕಿ ಕಾಳಿನಷ್ಟು ಸಾಕು, ಮಂಡಕ್ಕಿ ಗಾತ್ರ ಆದರೆ ಜಾಸ್ತಿ ಆಯಿತು ಅಂತ ಲೆಕ್ಕ. ರ್‍ಯಾಮನ್ನು ಓರೆಯಾಗಿ ತೂರಿಸಿ ಕೆಳಗೆ ಒತ್ತಿದರೆ ಎರಡೂ ಕಡೆ ಕ್ಲಿಪ್ಪು ಟಕ್ ಅನ್ನುತ್ತೆ. ಹಳೇ ಡಿಸ್ಕಿನ ಚೌಕಟ್ಟಿಗೆ ಎಸ್‌ಎಸ್‌ಡಿ ಕೂರಿಸಲು ನಾಲ್ಕು ಸ್ಕ್ರೂ, ಐದು ನಿಮಿಷ.

ಎಡವಿದ್ದು ಮುಚ್ಚುವಾಗ. ಎಲ್ಲ ಜೋಡಿಸಿ ಆನ್ ಮಾಡಿದರೆ ಟಚ್‌ಪ್ಯಾಡ್ ಸತ್ತಿದೆ. ಎದೆ ಧಸಕ್ಕೆಂದಿತು. ಮತ್ತೆ ಅಷ್ಟೂ ಸ್ಕ್ರೂ ಬಿಚ್ಚಿದೆ. ಟಚ್‌ಪ್ಯಾಡಿನಿಂದ ಬರುವ ಕಾಗದದಷ್ಟು ತೆಳು ಪಟ್ಟಿ ವೈರು ತನ್ನ ಜಾಗದಲ್ಲೇ ಇತ್ತು, ಆದರೆ ಅದನ್ನು ಹಿಡಿದಿಡುವ ಉಗುರಿನಷ್ಟು ಚಿಕ್ಕ ಕಪ್ಪು ಪಟ್ಟಿಯನ್ನು ನಾನು ಮಡಚಿರಲಿಲ್ಲ. ಮಡಚಿದೆ, ಜೀವ ಬಂತು. ನೀವು ಬಿಚ್ಚೋದಾದರೆ ಆ ಕಪ್ಪು ಪಟ್ಟಿಯನ್ನು ಮೇಲೆತ್ತದೆ ವೈರು ಎಳೆಯಬೇಡಿ. ಅದು ಮುರಿದರೆ ಅಂಗಡಿಗೇ ಹೋಗಬೇಕು.

ಹಳೇ ಡಿಸ್ಕನ್ನು ಹಾಗೇ ಕ್ಲೋನ್ ಮಾಡಬಹುದಿತ್ತು, ಅಂದರೆ ಇದ್ದದ್ದೆಲ್ಲ ಇದ್ದ ಹಾಗೇ ನಕಲು. ಹತ್ತು ವರ್ಷದ ಕಸವನ್ನೂ ಹೊಸ ಮನೆಗೆ ಹೊರಬೇಕಾ ಅನ್ನಿಸಿ ವಿಂಡೋಸ್ 10 ಅನ್ನು ಹೊಸದಾಗಿ ಹಾಕಿದೆ. ಲೈಸೆನ್ಸು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತೆ, ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಯಿತು. ವಿಂಡೋಸ್ 11 ಇದಕ್ಕೆ ಆಗಿಬರಲ್ಲ, ಇಂಟೆಲ್ ಆದರೆ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಅನ್ನೋ ಸುರಕ್ಷತಾ ವ್ಯವಸ್ಥೆ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಹೆಚ್ಚುವರಿ ಸುರಕ್ಷತಾ ಅಪ್ಡೇಟಿಗೆ ಹೆಸರು ಹಚ್ಚಿದ್ದೇನೆ, ಬ್ಯಾಂಕಿನ ಕೆಲಸವನ್ನು ಇದರಲ್ಲಿ ಮಾಡಲ್ಲ. ತಂಗಿ ಮಗ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕು ಅಂದ. ಮನೆ ಬಳಕೆಗೆ ಒಳ್ಳೆಯದೇ. ನನಗೆ ಟ್ಯಾಲಿ, ನುಡಿ ಎರಡೂ ತಕರಾರಿಲ್ಲದೆ ಓಡಬೇಕು, ಬೇಡ ಅಂದೆ.

ನುಡಿ ಅಂದಾಗ ನೆನಪಾಯಿತು. ಹೊಸ ವಿಂಡೋಸಿನಲ್ಲಿ ಹಳೇ ಪತ್ರವೊಂದನ್ನು ತೆರೆದರೆ ಇಡೀ ಪುಟ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲು ಕೆಟ್ಟಿತು ಅಂತ ಗಾಬರಿಯಾಗಬೇಡಿ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಬರೆದದ್ದು, ಆ ಫಾಂಟು ಹಾಕಿದ ಕೂಡಲೇ ಕನ್ನಡ ವಾಪಸ್ ಬಂತು.

ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಿದೆ. ಎರಡನೇ ಆಂಟಿವೈರಸ್ ಹಾಕಲೇ ಇಲ್ಲ. ಸೋಮವಾರ ಮತ್ತೆ ಸ್ಟಾಪ್‌ವಾಚ್ ಹಿಡಿದೆ. ಟ್ಯಾಲಿ ತೆರೆಯೋವರೆಗೆ 48 ಸೆಕೆಂಡು. ನಮ್ಮ ಸಾಹುಕಾರರು ನಂಬಲಿಲ್ಲ. "ಎಷ್ಟಕ್ಕೆ ತಂದ್ರಿ ಇದನ್ನ?" ಅಂತ ಹೊಸದೇ ತಂದ ಹಾಗೆ ಕೇಳಿದರು.

ಎಲ್ಲ ಸರಿಯಾಗಿದೆ ಅಂತಲ್ಲ. ಬ್ಯಾಟರಿ 20 ನಿಮಿಷ ಬಂದರೆ ಹೆಚ್ಚು, ಪರದೆಯ ಕೀಲು ಸಡಿಲ, ಬ್ರೌಸರಿನಲ್ಲಿ ಹದಿನೈದು ಟ್ಯಾಬ್ ತೆರೆದರೆ ಈಗಲೂ ಏದುಸಿರು ಬಿಡುತ್ತೆ. ಲ್ಯಾಪ್‌ಟಾಪನ್ನು ಚೀಲದ ಮೇಲೆ ಇಡೋದು ಬಿಟ್ಟಿದ್ದೇನೆ, ಕೆಳಗೆ ಮರದ ಹಲಗೆ ಬಂದಿದೆ. ಅದರ ತಳಕ್ಕೆ ಒಂದು ಚೀಟಿ ಅಂಟಿಸಿ ಫ್ಯಾನು ಸ್ವಚ್ಛ ಮಾಡಿದ ತಾರೀಖು ಬರೆದಿಟ್ಟಿದ್ದೇನೆ. ಮುಂದಿನದು ಸಂಕ್ರಾಂತಿ ಆದಮೇಲೆ, ಜೋಳದ ಆವಕ ಇಳಿದಾಗ.